ಧನುಮಾಸದ ಸೂಟೆ

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಧನುಮಾಸ ಆರಂಭವಾಗಿರುತ್ತದೆ. ಡಿಸೆಂಬರ್ 16ರ ಆಸುಪಾಸಿನಲ್ಲಿ ಬರುವ ಧನು ಸಂಕ್ರಮಣದಿಂದ ಜನವರಿ 14ರ ಸುಮಾರಿಗೆ ಬರುವ ಮಕರ ಸಂಕ್ರಮಣದವರೆಗೆ ನಮ್ಮ ಕಾಸರಗೋಡಿನ ಅನೇಕ ದೇವಸ್ಥಾನಗಳಲ್ಲಿ ಸೂರ್ಯ ಮೂಡುವುದಕ್ಕೆ ಮೊದಲೇ ಪೂಜೆ ನಡೆಯುತ್ತದೆ. ನಾವು ಅದನ್ನು ಧನುಪೂಜೆ ಎನ್ನುತ್ತೇವೆ. ಕತ್ತಲೆಯಲ್ಲಿಯೇ ಎದ್ದು, ಕತ್ತಲೆಯಲ್ಲಿಯೇ ಮಿಂದು, ಕತ್ತಲೆಯಲ್ಲಿಯೇ ನಡೆದು ಹೋಗಿ ದೇವರ ಮುಂದಿನ ದೀಪವನ್ನು ನೋಡಿ ಬರುವ ತಿಂಗಳು ಇದು. ಕತ್ತಲೆಯನ್ನು ಬೆಳಕು ಗೆಲ್ಲುತ್ತದೆ ಎಂಬ ಮಾತನ್ನು ಈ ದಿನಗಳಲ್ಲಿ ವೇದಿಕೆಗಳ ಮೇಲಿಂದ ಮತ್ತೆ ಮತ್ತೆ ಕೇಳುತ್ತೇವೆ. ನಾನೂ ಹಲವು ಬಾರಿ ಆಡಿದ್ದೇನೆ. ಆಡುವಾಗಲೆಲ್ಲ ನನಗೆ ಹಗಲಿನಲ್ಲಿ ಉರಿಯುತ್ತಿದ್ದ ಒಂದು ಚಿಮಿಣಿ ದೀಪದ ನೆನಪಾಗುತ್ತದೆ. ಮಾತು ಅಲ್ಲಿಗೇ ತಡೆಯುತ್ತದೆ. ಆ ದೀಪದ ಕಥೆಯನ್ನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ. ವಿಭಾಗದ ವಾರ್ತಾಪತ್ರಕ್ಕೆ ಏನಾದರೂ ಕೊಡಿರೆಂದು ವಿದ್ಯಾರ್ಥಿಗಳು ಕೇಳಿದಾಗ ಇದನ್ನೇ ಬರೆಯೋಣ ಎನ್ನಿಸಿತು.

ಮೊದಲು ಧನುಮಾಸದ ಲೆಕ್ಕವನ್ನು ನೋಡೋಣ. ನಮ್ಮ ಒಂದು ವರ್ಷ ದೇವತೆಗಳಿಗೆ ಒಂದು ದಿನ ಎಂಬುದು ಹಿಂದಿನವರ ಎಣಿಕೆ. ಉತ್ತರಾಯಣ ಅವರ ಹಗಲು, ದಕ್ಷಿಣಾಯನ ಅವರ ರಾತ್ರಿ. ಹನ್ನೆರಡು ತಿಂಗಳು ಒಂದು ಅಹೋರಾತ್ರಿಯಾದರೆ ನಮ್ಮ ಒಂದು ತಿಂಗಳು ಅವರಿಗೆ ಎರಡು ಗಂಟೆಯಷ್ಟಾಯಿತು. ದಕ್ಷಿಣಾಯನದ ಕೊನೆಯ ತಿಂಗಳಾದ ಧನು ಅವರ ಇರುಳಿನ ಕೊನೆಯ ಎರಡು ಗಂಟೆ, ಎಂದರೆ ಬೆಳಗಿನ ಜಾವ. ಆದ್ದರಿಂದಲೇ ಮದುವೆ ಮುಂಜಿಗಳಿಗೆ ಒದಗದ ಈ ತಿಂಗಳು ಪೂಜೆಗೆ ಮಾತ್ರ ಮೀಸಲಾಯಿತು.

ಆಕಾಶದ ಲೆಕ್ಕ ಇನ್ನೂ ಸ್ವಾರಸ್ಯಕರವಾಗಿದೆ. ಖಗೋಳದ ದೃಷ್ಟಿಯಿಂದ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಅಂದು ನಮ್ಮಲ್ಲಿ ಹಗಲು ಹನ್ನೊಂದೂವರೆ ಗಂಟೆಗೂ ತುಸು ಕಡಿಮೆ. ಮರುದಿನದಿಂದ ಅದು ಬೆಳೆಯತೊಡಗುತ್ತದೆ. ಆದರೆ ಬೆಳೆಯುವುದು ಸಂಜೆಯ ಕಡೆಯಿಂದ. ಬೆಳಗಿನ ಕಡೆಯಲ್ಲಿ ಸೂರ್ಯೋದಯ ಇನ್ನೂ ಒಂದು ತಿಂಗಳ ಕಾಲ ದಿನದಿನಕ್ಕೆ ತಡವಾಗುತ್ತಲೇ ಹೋಗಿ ಜನವರಿಯ ಕೊನೆಯ ವಾರದ ಸುಮಾರಿಗೆ ನಿಲ್ಲುತ್ತದೆ. ಪಂಚಾಂಗವನ್ನೋ ದಿನದರ್ಶಿಕೆಯನ್ನೋ ತೆರೆದು ನೀವೇ ಪರೀಕ್ಷಿಸಬಹುದು. ಎಂದರೆ, ಬೆಳಕು ಗೆಲ್ಲಲು ತೊಡಗಿದ ಮೇಲೆಯೂ ಬೆಳಿಗ್ಗೆ ಐದು ಗಂಟೆಗೆ ದಾರಿಯಲ್ಲಿ ನಿಂತವನಿಗೆ ಅದು ತಿಳಿಯುವುದಿಲ್ಲ. ಅವನ ಪಾಲಿಗೆ ಕತ್ತಲೆ ಇನ್ನೂ ಹೆಚ್ಚುತ್ತಲೇ ಇರುತ್ತದೆ. ನಮ್ಮ ಊರಿನವರು ಈ ಗಣಿತವನ್ನು ಬಲ್ಲವರೇನೂ ಅಲ್ಲ. ಅವರು ಸುಮ್ಮನೆ ಸೂಟೆ ಕಟ್ಟಿಕೊಂಡು ಹೊರಡುತ್ತಿದ್ದರು.

ನನ್ನ ಊರು ಬೇಳಕ್ಕೂ ನೀರ್ಚಾಲಿಗೂ ನಡುವೆ, ಗುಡ್ಡೆಯ ಬುಡದಲ್ಲಿದೆ. ಮೇಲೆ ಮುರಕಲ್ಲಿನ ಗುಡ್ಡೆ, ಕೆಳಗೆ ಅಡಿಕೆ ತೋಟ, ಅದರಾಚೆಗೆ ಬಯಲು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ನೆರೆಮನೆಯ ಬಾಯಮ್ಮನ ಅಂಗಳದಲ್ಲಿ ಕೊಂಕಣಿ. ಒಂದು ಮೈಲಿ ನಡೆಯುವಷ್ಟರಲ್ಲಿ ನಾಲ್ಕು ಭಾಷೆಗಳನ್ನು ದಾಟುತ್ತಿದ್ದೆವು. ಇದು ನಿಮ್ಮಲ್ಲಿ ಅನೇಕರ ಅನುಭವವೂ ಹೌದು.

ನನ್ನ ತಂದೆಯವರು ಸುರಂಗ ತೋಡುವವರು. ಬೇರೆ ಕಡೆಯಿಂದ ಬಂದ ವಿದ್ಯಾರ್ಥಿಗಳಿಗಾಗಿ ಇದನ್ನು ಸ್ವಲ್ಪ ವಿವರಿಸಬೇಕು. ಬಾವಿಯನ್ನು ಕೆಳಮುಖವಾಗಿ ತೋಡುತ್ತಾರೆ. ಸುರಂಗವನ್ನು ಗುಡ್ಡೆಯ ಒಡಲಿಗೆ ಅಡ್ಡವಾಗಿ ಕೊರೆಯುತ್ತಾರೆ. ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟು ಎತ್ತರ, ಪಿಕ್ಕಾಸು ಬೀಸುವಷ್ಟು ಅಗಲ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ. ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಇಪ್ಪತ್ತು ಕೋಲಿಗೆ ನೀರು ಸಿಕ್ಕಿದ ಸುರಂಗವೂ ಉಂಟು, ನೂರು ಕೋಲು ಹೋದರೂ ಸಿಕ್ಕದ್ದೂ ಉಂಟು. ಗಟ್ಟಿ ಮುರಕಲ್ಲನ್ನು ದಾಟಿ ಮೆತ್ತಗಿನ ಜೇಡಿಮಣ್ಣು ಬಂದಾಗ ಗೋಡೆ ಬೆವರತೊಡಗುತ್ತದೆ. ಆಮೇಲೆ ಹನಿ, ಆಮೇಲೆ ಎಳೆ. ನೀರು ತಾನಾಗಿಯೇ ಹೊರಗೆ ಹರಿದು ಬರುವಂತೆ ನೆಲವನ್ನು ಬಾಯಿಯ ಕಡೆಗೆ ತುಸುವೇ ಇಳಿಜಾರಾಗಿ ತೋಡಿರುತ್ತಾರೆ. ಪಂಪು ಬೇಡ, ಹಗ್ಗ ಬೇಡ. ಹೊರಗೆ ಬಂದ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಹಾಯಿಸಿ ಕೆರೆಗೋ ತೊಟ್ಟಿಗೋ ಬಿಟ್ಟರಾಯಿತು.

ಒಳಗೆ ಬೆಳಕಿಗೆ ಚಿಮಿಣಿ ದೀಪ ಅಥವಾ ಮೇಣದ ಬತ್ತಿ. ಅದು ಬೆಳಕಿಗೆ ಮಾತ್ರವಲ್ಲ. ಸುರಂಗ ಉದ್ದವಾದಂತೆ, ಅದರಲ್ಲಿ ತಿರುವು ಬಂದಂತೆ, ಒಳಗಿನ ಗಾಳಿ ಕೆಡುತ್ತದೆ. ಮನುಷ್ಯನ ಉಸಿರು ಸಿಕ್ಕಿಕೊಳ್ಳುವುದಕ್ಕೆ ಮೊದಲೇ ದೀಪದ ಕುಡಿ ಸಣ್ಣಗಾಗುತ್ತದೆ. ಆದ್ದರಿಂದ ದೀಪ ಹಿಡಿದವನ ಕೆಲಸ ದೀಪವನ್ನು ನೋಡುತ್ತಿರುವುದು. ತೋಡುವವನು ಗೋಡೆಯನ್ನು ನೋಡುತ್ತಾನೆ. ಅವನ ಜೀವವನ್ನು ಹಿಂದೆ ಕುಳಿತ ಇನ್ನೊಬ್ಬನು ಆ ಕುಡಿಯಲ್ಲಿ ನೋಡುತ್ತಿರುತ್ತಾನೆ.

1984ರ ಡಿಸೆಂಬರ್. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗಿ ಏಳು ತಿಂಗಳಾಗಿತ್ತು. ನಾನು ಆರನೆಯ ತರಗತಿಯಲ್ಲಿದ್ದೆ. ಶಾಲೆಗೆ ಕ್ರಿಸ್ಮಸ್ ರಜೆ. ಅಪ್ಪ ಆಗ ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿಯೇ ಒಂದು ಸುರಂಗ ತೋಡುತ್ತಿದ್ದರು. ಇಷ್ಟು ವರ್ಷ ಬೇರೆಯವರ ತೋಟಗಳಿಗೆ ನೀರು ತಂದವರು ಆ ವರ್ಷ ಮೊದಲ ಬಾರಿಗೆ ತಮಗಾಗಿ ಪಿಕ್ಕಾಸು ಹಿಡಿದಿದ್ದರು. ಮೂವತ್ತು ಕೋಲು ದಾಟಿತ್ತು. ಒಂದು ಕಡೆ ಬಂಡೆ ಅಡ್ಡ ಬಂದದ್ದರಿಂದ ಬಲಕ್ಕೆ ತಿರುಗಿಸಿದ್ದರು. ನೆಲದ ಮೇಲೆ ಆಗಲೇ ಪಾದ ಮುಳುಗದಷ್ಟು ನೀರು ಹರಿಯುತ್ತಿತ್ತು. ಇನ್ನು ಎರಡು ಮೂರು ಕೋಲು ಹೋದರೆ ಒರತೆಯೇ ಸಿಗುತ್ತದೆ ಎನ್ನುತ್ತಿದ್ದರು. ಅಂದು ಇಪ್ಪತ್ತನಾಲ್ಕನೆಯ ತಾರೀಖು. ಯಾವಾಗಲೂ ದೀಪ ಹಿಡಿಯುವ ಸಹಾಯಕ ಬಂದಿರಲಿಲ್ಲ. ನಾನು ಬರುತ್ತೇನೆ ಎಂದೆ. ಅಮ್ಮ ಬೇಡವೆಂದರು. ಅಪ್ಪ ಸ್ವಲ್ಪ ಹೊತ್ತು ನನ್ನನ್ನು ನೋಡಿ ಆಗಬಹುದು ಎಂದರು. ಒಳಗೆ ಹೋಗುವ ಮೊದಲು ಒಂದೇ ಮಾತು ಹೇಳಿಕೊಟ್ಟರು: ಕುಡಿ ಸಣ್ಣಗಾದರೆ ಕೂಗಬೇಕು, ಹೊರಗೆ ಓಡಬೇಕು.

ತಿರುವು ದಾಟಿದ ಮೇಲೆ ಬಾಯಿಯ ಕಡೆಯ ಬೆಳಕು ಒಮ್ಮೆಗೇ ಇಲ್ಲವಾಯಿತು. ಕಣ್ಣು ಒಗ್ಗುವ ಕತ್ತಲೆಯಲ್ಲ ಅದು. ಎಷ್ಟು ಹೊತ್ತು ಕಾದರೂ ಅಲ್ಲಿ ಏನೂ ಕಾಣಲಾರದು. ನನ್ನ ಕೈಯ ದೀಪ, ಅದರ ಹಳದಿ ಬೆಳಕಿನಲ್ಲಿ ಅಪ್ಪನ ಬೆನ್ನು, ಬೆನ್ನಿನ ಮೇಲೆ ಬೆವರು, ಪಿಕ್ಕಾಸಿನ ಸದ್ದು: ಲೋಕವೆಂದರೆ ಅಷ್ಟೇ ಆಗಿತ್ತು. ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಕುಡಿ ಒಮ್ಮೆ ತಗ್ಗಿತು, ಮತ್ತೆ ಎದ್ದಿತು, ಮತ್ತೆ ತಗ್ಗಿತು. ಗಾಳಿ ಕಡಿಮೆಯಾದದ್ದೋ ನನ್ನ ಕೈ ನಡುಗಿದ್ದೋ ಇಂದಿಗೂ ಹೇಳಲಾರೆ. ನಾನು ಎದ್ದು ಓಡಿದೆ. ದೀಪವನ್ನು ಹಿಡಿದುಕೊಂಡೇ ಓಡಿದೆ. ಕೂಗಲಿಲ್ಲ.

ಸುರಂಗದ ಬಾಯಿಯಲ್ಲಿ ನಡುಹಗಲ ಬಿಸಿಲು. ಅಲ್ಲಿ ನಿಂತು ಒಳಗೆ ನೋಡಿದೆ. ಒಳಗಿನಿಂದ ಸದ್ದಿಲ್ಲ. ಕರೆಯಬೇಕೆಂದು ಬಾಯಿ ತೆರೆದರೆ ದನಿ ಬರಲಿಲ್ಲ. ಮರಳಿ ಒಳಗೆ ಹೋಗಲು ಕಾಲೇಳಲಿಲ್ಲ. ಉರಿಯುವ ಬಿಸಿಲಿನಲ್ಲಿ ಉರಿಯುವ ದೀಪವನ್ನು ಹಿಡಿದು ನಿಂತಿದ್ದೆ. ದೀಪದ ಬೆಳಕು ಕಾಣಿಸುತ್ತಲೇ ಇರಲಿಲ್ಲ. ಅದು ಉರಿಯುತ್ತಿದೆ ಎಂಬುದು ಅದರ ಹೊಗೆಯಿಂದ ಮಾತ್ರ ತಿಳಿಯುತ್ತಿತ್ತು. ಬೆಳಕು ಬೇಕಾದ ಕಡೆಯಿಂದ ಅದನ್ನು ಬೇಡವಾದ ಕಡೆಗೆ ತಂದು ನಿಲ್ಲಿಸಿದವನು ನಾನು.

ಹತ್ತು ನಿಮಿಷವಾಗಿರಬಹುದು. ಅಪ್ಪ ಹೊರಗೆ ಬಂದರು. ಮೈಯೆಲ್ಲ ಕೆಸರು, ಒಂದು ಮೊಣಕೈ ಸುಲಿದಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಸ್ವಲ್ಪ ಹೊತ್ತು ಮುರಕಲ್ಲಿಗೆ ಒರಗಿ ಉಸಿರು ಬಿಟ್ಟರು. ಆಮೇಲೆ ನನ್ನ ಕೈಯಿಂದ ದೀಪವನ್ನು ತೆಗೆದುಕೊಂಡು ಊದಿ ಆರಿಸಿದರು. "ಹಗಲಿಗೆ ಚಿಮಿಣಿ ಎಣ್ಣೆ ಯಾಕೆ ಸುಡುವುದು?" ಎಂದರು. ಅಷ್ಟೇ. ರೇಶನ್ ಅಂಗಡಿಯಲ್ಲಿ ಸಾಲು ನಿಂತು ತರುವ ಎಣ್ಣೆ ಅದು. ಆದರೂ ಆ ಮಾತನ್ನು ಅವರು ಗದರಿಕೆಯ ದನಿಯಲ್ಲಿ ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ರಾತ್ರಿ ಚಾಪೆಯ ಮೇಲೆ ನಿದ್ದೆ ಬಂದವನಂತೆ ಬಿದ್ದುಕೊಂಡಿದ್ದೆ. ಅಡುಗೆಮನೆಯಲ್ಲಿ ಅಮ್ಮ ಮೆಲ್ಲಗೆ ಕೇಳುತ್ತಿದ್ದರು, ದೀಪವಿಲ್ಲದೆ ಹೇಗೆ ಬಂದಿರಿ ಎಂದು. ಅಪ್ಪ ತುಳುವಿನಲ್ಲಿ ಹೇಳಿದ ಉತ್ತರ ನನಗೆ ಅಕ್ಷರಶಃ ನೆನಪಿದೆ: "ನೀರ್ ಪೋಪಿ ಸಾದಿಡ್ ಬತ್ತೆ." ನೀರು ಹೋಗುವ ದಾರಿಯಲ್ಲಿ ಬಂದೆ. ಪಾದಕ್ಕೆ ತಾಗುವ ನೀರು ಯಾವ ಕಡೆಗೆ ಹರಿಯುತ್ತದೆಯೋ ಆ ಕಡೆಗೆ ಕಾಲಿಟ್ಟು, ಗೋಡೆ ತಡವಿಕೊಂಡು, ಒಂದೊಂದೇ ಹೆಜ್ಜೆ. ಕಾಣದಿದ್ದಾಗ ಅವರು ಕಾಲಿನಿಂದ ದಾರಿಯನ್ನು ಕೇಳಿಕೊಂಡಿದ್ದರು.

ಮರುದಿನ ನಾಲ್ಕು ಗಂಟೆಗೆ ಅಮ್ಮ ಎಬ್ಬಿಸಿದರು. ಧನುಪೂಜೆಗೆ ಹೋಗುವುದು ನಮ್ಮ ಮನೆಯಲ್ಲಿ ಆ ತಿಂಗಳು ಬಿಡದ ಪದ್ಧತಿ. ನಾನು ಬರುವುದಿಲ್ಲ ಎನ್ನಬೇಕೆಂದಿದ್ದೆ. ದೇವರ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ. ಆದರೆ ಕಾರಣ ಹೇಳುವ ಧೈರ್ಯವೂ ಇರಲಿಲ್ಲವಾದ್ದರಿಂದ ಎದ್ದೆ. ಹೊಸ ಸುರಂಗದ ನೀರನ್ನು ಹಂಡೆಯಲ್ಲಿ ಹಿಡಿದಿಟ್ಟಿರಲಿಲ್ಲ. ದಂಬೆಯ ಕೆಳಗೆ ನಿಂತು ನೇರವಾಗಿ ಮೀಯಬೇಕು. ಚಳಿಯ ಬೆಳಗಿನಲ್ಲಿ ಸುರಂಗದ ನೀರು ಉಗುರು ಬೆಚ್ಚಗಿರುತ್ತದೆ. ಗುಡ್ಡೆಯ ಒಳಗೆ ಋತುಗಳಿಲ್ಲ. ನಾನು ಓಡಿ ಬಂದ ಆ ಕತ್ತಲೆಯೊಳಗಿನಿಂದಲೇ ಆ ಬೆಚ್ಚನೆಯ ನೀರು ಬಂದು ನನ್ನ ತಲೆಯ ಮೇಲೆ ಬಿತ್ತು.

ಅಂಗಳದಲ್ಲಿ ಅಪ್ಪ ಸೂಟೆ ಕಟ್ಟುತ್ತಿದ್ದರು. ತೆಂಗಿನ ಒಣ ಮಡಲಿನ ಗರಿಗಳನ್ನು ಸೇರಿಸಿ, ಗರಿಯಿಂದಲೇ ಬಿಗಿದು ಮಾಡಿದ ಪಂಜು ಅದು. ಬಿಗಿ ಹೆಚ್ಚಾದರೆ ಉರಿಯದು, ಕಡಿಮೆಯಾದರೆ ದಾರಿಯ ಅರ್ಧಕ್ಕೆ ಮುಗಿದುಹೋಗುತ್ತದೆ. ಕಟ್ಟಿ ಮುಗಿಸಿ ಹೊತ್ತಿಸಿದರು. ಎಂದಿನಂತೆ ತಾವೇ ಮುಂದೆ ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಸೂಟೆಯನ್ನು ನನ್ನ ಕಡೆಗೆ ಚಾಚಿದರು.

ನಾನು ಕೈ ಮುಂದೆ ಮಾಡಲಿಲ್ಲ. ಅವರು ಚಾಚಿದ ಕೈಯನ್ನು ಹಿಂದೆ ತೆಗೆಯಲೂ ಇಲ್ಲ. ಗರಿ ಚಟಚಟನೆ ಉರಿಯುತ್ತಿತ್ತು. ಕೊನೆಗೆ ತೆಗೆದುಕೊಂಡೆ.

ಸೂಟೆ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಸುಮ್ಮನೆ ಹಿಡಿದರೆ ಹೊಗೆಯಾಗುತ್ತದೆ. ಬೀಸುತ್ತ ನಡೆದರೆ ಮಾತ್ರ ಕೆಂಡ ಜ್ವಾಲೆಯಾಗುತ್ತದೆ. ನಾನು ಅದನ್ನು ನನ್ನ ಮುಂದಕ್ಕೆ, ನನ್ನ ಕಾಲಿನ ದಾರಿ ಕಾಣುವಂತೆ ಹಿಡಿದಿದ್ದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಅಜ್ಜಿ ಎಡವಿದರು. ಅಪ್ಪ ಹೇಳಿದರು: "ನಿನ್ನ ಕಾಲಿಗೆ ಹಿಡಿಯಬೇಡ. ಹಿಂದೆ ಬರುವವರ ಕಾಲಿಗೆ ಹಿಡಿ. ಸಂಕ ಬಂದರೆ, ಕಲ್ಲು ಬಂದರೆ ಕೂಗಿ ಹೇಳು." ಸೂಟೆಯನ್ನು ಕೆಳಗಿಳಿಸಿ, ಪಕ್ಕಕ್ಕೆ ಸರಿಸಿ, ಸ್ವಲ್ಪ ಹಿಂದಕ್ಕೆ ಬೀಸಿದೆ. ಆಗ ನನ್ನ ಮುಂದಿನ ದಾರಿ ಅರ್ಧ ಮಸುಕಾಯಿತು. ಆದರೆ ಅಮ್ಮನ, ಅಜ್ಜಿಯ, ಅಪ್ಪನ ಪಾದಗಳು ಕಟ್ಟಪುಣಿಯ ಮೇಲೆ ಸ್ಪಷ್ಟವಾಗಿ ಕಂಡವು. ಅಮಾವಾಸ್ಯೆ ಕಳೆದು ಎರಡು ಮೂರು ದಿನವಷ್ಟೇ ಆಗಿತ್ತು. ಆಕಾಶದಲ್ಲಿ ನಕ್ಷತ್ರಗಳು ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಅಡಿಕೆ ಮರದ ಸಂಕ ಬಂದಾಗ "ಸಂಕ!" ಎಂದು ಕೂಗಿದೆ. ಹಿಂದಿನ ದಿನ ಬಾರದಿದ್ದ ದನಿ ಅಂದು ಬಂದಿತು. ತೋಟದಲ್ಲೆಲ್ಲ ಕೇಳಿಸುವಷ್ಟು ದೊಡ್ಡದಾಗಿಯೇ ಬಂದಿತು.

ಬಯಲು ದಾಟಿದರೆ ಬಾಯಮ್ಮನ ಮನೆ. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಬಾಯಮ್ಮ ಎಂದೇ ಕರೆಯುವುದು. ನಮಗೆ ಅವರ ಹೆಸರೇ ಅದಾಗಿಬಿಟ್ಟಿತ್ತು. ಅವರ ಮಾಡಿನಲ್ಲಿ ಬಿದಿರ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ ನಕ್ಷತ್ರ ತೂಗುತ್ತಿತ್ತು, ಒಳಗೊಂದು ಪುಟ್ಟ ದೀಪ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವೆಂದರೆ ಅವರಿಗೆ ಕಾಯುವ ಕಾಲ. ಹಬ್ಬ ಬಂದ ಮೇಲೆ ಮೂರು ರಾಯರ ಹಬ್ಬದವರೆಗೆ, ಎಂದರೆ ಜನವರಿ 6ರವರೆಗೆ, ಆ ನಕ್ಷತ್ರ ಅಲ್ಲಿಯೇ ಇರುತ್ತಿತ್ತು. ನಮ್ಮ ಧನುಮಾಸದ ಹೆಚ್ಚಿನ ದಿನಗಳಲ್ಲಿ ಬಯಲಿನ ಆಚೆ ಬದಿಗೆ ನಮಗೆ ಗುರುತಾಗಿದ್ದುದು ಅದೇ.

ಅಂದು ಬಾಯಮ್ಮ ಜಗಲಿಯಲ್ಲಿ ನಿಂತಿದ್ದರು. ನಡುರಾತ್ರಿಯ ಪೂಜೆಗೆ ಮನೆಯವರೆಲ್ಲ ಬೇಳದ ಇಗರ್ಜಿಗೆ ಹೋಗಿ ಬಂದು ಮಲಗಿದ್ದರು. ಮನೆ ಕಾಯಲು ಉಳಿದಿದ್ದ ಅವರು ಬೆಳಗಿನ ಜಾವದ ಪೂಜೆಗೆ ಹೊರಟಿದ್ದರು. ಕ್ರಿಸ್ಮಸ್ ದಿನಕ್ಕೆ ನಡುರಾತ್ರಿ, ಬೆಳಗಿನ ಜಾವ, ಹಗಲು ಎಂದು ಮೂರು ಬಲಿಪೂಜೆಗಳ ಸಂಪ್ರದಾಯವುಂಟು. ಬೆಳಗಿನ ಜಾವದ ಪೂಜೆಯಲ್ಲಿ ಓದುವುದು ಕುರಿ ಕಾಯುವವರು ಕೂಸನ್ನು ನೋಡಲು ಹೋದ ಕಥೆಯನ್ನು. ರಾತ್ರಿ ಎಚ್ಚರವಿದ್ದು ಕಾವಲು ಕುಳಿತವರಿಗೇ ಆ ಸುದ್ದಿ ಮೊದಲು ತಿಳಿಯಿತು ಎಂಬುದು ಆ ಕಥೆಯ ತಿರುಳು. ಇದೆಲ್ಲ ನಾನು ದೊಡ್ಡವನಾದ ಮೇಲೆ ಓದಿ ತಿಳಿದದ್ದು. ಅಂದು ಬಾಯಮ್ಮ ತುಳುವಿನಲ್ಲಿ ಕೇಳಿದ್ದು ಇಷ್ಟೇ: "ಪೂಜೆಗೋ?" ಅಜ್ಜಿ ಹೇಳಿದ್ದೂ ಇಷ್ಟೇ: "ಹೌದು ಬಾಯಮ್ಮ, ಪೂಜೆಗೆ. ನೀವೂ?" "ನಾನೂ ಪೂಜೆಗೇ." ಅವರು ಸಾಲಿನಲ್ಲಿ ಸೇರಿಕೊಂಡರು. ಗುಡ್ಡೆಯ ತುದಿಯವರೆಗೆ ಒಂದೇ ದಾರಿ, ಒಂದೇ ಸೂಟೆ. ಅಲ್ಲಿ ಅವರು ಎಡಕ್ಕೆ, ನಾವು ಬಲಕ್ಕೆ. ಹೊಸ ಸೂಟೆಯೊಂದನ್ನು ನನ್ನದರಿಂದ ಹೊತ್ತಿಸಿಕೊಂಡು ಹೊರಡುವಾಗ ಅವರು ನನ್ನ ತಲೆ ಮುಟ್ಟಿ, "ಒಳ್ಳೆಯ ಬೆಳಕು ಹಿಡಿದೆ ಮಗಾ" ಎಂದರು. ಅವರಿಗೆ ಏನೂ ತಿಳಿದಿರಲಿಲ್ಲ. ಅಪ್ಪನಿಗೆ ತಿಳಿದಿತ್ತು. ಅವರು ಬೇರೆ ಕಡೆಗೆ ನೋಡುತ್ತಿದ್ದರು.

ದೇವಸ್ಥಾನದಲ್ಲಿ ಅಂದು ಕಂಡದ್ದನ್ನು ಹೆಚ್ಚು ವರ್ಣಿಸಲಾರೆ. ಎಣ್ಣೆದೀಪಗಳ ಸಾಲು, ಬಾಗಿಲು ತೆರೆದಾಗ ಒಳಗಿನ ಆರತಿ, ಗಂಟೆ, ಶಂಖ, ಬಾಳೆಲೆಯ ತುಂಡಿನಲ್ಲಿ ಬಿಸಿ ಹುಗ್ಗಿ. ನಾನು ಏನನ್ನೂ ಬೇಡಿಕೊಳ್ಳಲಿಲ್ಲ. ತಪ್ಪಾಯಿತು ಎಂದು ಹೇಳಬೇಕಾದ ಕಡೆ ಹೇಳಲಾರದೆ ಇಲ್ಲಿ ಹೇಳಿದರೆ ಅದು ಸಲ್ಲುವುದೇ ಎಂಬ ಸಂಶಯ ಆ ವಯಸ್ಸಿನಲ್ಲಿಯೂ ಇತ್ತು. ಹೊರಗೆ ಬಂದಾಗ ಪೂರ್ವ ಇನ್ನೂ ಕೆಂಪಾಗಿರಲಿಲ್ಲ. ಸಂಜೆ ಬಾಯಮ್ಮನ ಮನೆಯಿಂದ ಕುಸ್ವಾರಿನ ತಟ್ಟೆ ಬಂದಿತು: ನೆವ್ರಿ, ಕಿಡಿಯೊ, ಗುಳಿಯೊ. ಅದಾಗಿ ನಾಲ್ಕು ದಿನಕ್ಕೆ ಸುರಂಗದಲ್ಲಿ ಒರತೆ ಸಿಕ್ಕಿತು. ಆ ನಾಲ್ಕು ದಿನವೂ ದೀಪ ಹಿಡಿದವನು ನಾನೇ.

ಮುಂದೆ ಪದವಿಯಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡೆ. ಬಿ.ಎಂ.ಶ್ರೀ.ಯವರ 'ಇಂಗ್ಲಿಷ್ ಗೀತಗಳು' ಪಾಠವಾಗುತ್ತಿದ್ದಾಗ 'ಕರುಣಾಳು ಬಾ ಬೆಳಕೆ' ಬಂದಿತು. ಶಾಲೆಯ ಪ್ರಾರ್ಥನೆಯಲ್ಲಿ ಎಷ್ಟೋ ಸಲ ಹಾಡಿದ್ದ ಗೀತೆ. ಮೂಲವನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ ಸಿಸಿಲಿಯಲ್ಲಿ ಕಠಿಣ ಜ್ವರಕ್ಕೆ ತುತ್ತಾಗಿ, ಚೇತರಿಸಿಕೊಂಡು, ಊರಿಗೆ ಮರಳಲು ಹಡಗು ಸಿಗದೆ ದಿನಗಟ್ಟಲೆ ಕಾದು, ಕೊನೆಗೆ ಕಿತ್ತಳೆ ಹಣ್ಣು ಸಾಗಿಸುವ ದೋಣಿಯೊಂದನ್ನೇರಿ ಪಾಲೆರ್ಮೋದಿಂದ ಮಾರ್ಸೇಲಿಗೆ ಹೊರಟಿದ್ದರು. ನಡುದಾರಿಯಲ್ಲಿ ಗಾಳಿ ಬಿದ್ದುಹೋಗಿ ದೋಣಿ ಒಂದು ವಾರ ಕದಲಲಿಲ್ಲ. ಆ ಪಯಣದಲ್ಲಿ ಹುಟ್ಟಿದ ಪ್ರಾರ್ಥನೆ ಅದು. ದೂರದ ಗುರಿಯೆಲ್ಲ ಕಾಣಬೇಕೆಂದು ಕವಿ ಕೇಳುವುದಿಲ್ಲ. ಮುಂದಿನ ಒಂದು ಹೆಜ್ಜೆಯಷ್ಟು ಕಂಡರೆ ಸಾಕು ಎನ್ನುತ್ತಾರೆ. ಅಂದು ತರಗತಿಯಲ್ಲಿ ನನಗೆ ಅಪ್ಪನ ಪಾದವೂ ಪಾದಕ್ಕೆ ತಾಗಿದ ನೀರೂ ನೆನಪಾಗಿ ಪುಸ್ತಕದ ಅಕ್ಷರ ಮಸುಕಾಯಿತು.

ಆ ಪದ್ಯವನ್ನು ಈಗ ನಾನೇ ಪಾಠ ಮಾಡುವಾಗ ಒಂದು ಅಂಶವನ್ನು ವಿದ್ಯಾರ್ಥಿಗಳ ಗಮನಕ್ಕೆ ತರುತ್ತೇನೆ. ಮೂಲದ ಮೊದಲ ಪದ 'ನಡೆಸು' ಎಂಬ ಅರ್ಥದ್ದು. ಶ್ರೀಯವರ ಕನ್ನಡ ಮೊದಲು 'ಬಾ' ಎನ್ನುತ್ತದೆ. ಇಂಗ್ಲಿಷಿನಲ್ಲಿ ಬೆಳಕು ಆಗಲೇ ಎದುರಿಗಿದೆ, ಅದು ದಾರಿ ತೋರಬೇಕು. ಕನ್ನಡದಲ್ಲಿ ಮೊದಲು ಕರೆಯಬೇಕು. ಕತ್ತಲೆಯಲ್ಲಿ ನಿಂತವನು ದನಿ ಎತ್ತಬೇಕು. ಅನುವಾದದಲ್ಲಿ ಆದದ್ದು ಒಂದು ಕ್ರಿಯಾಪದದ ಸ್ಥಾನಪಲ್ಲಟ ಮಾತ್ರ ಎಂದು ಹೇಳಬಹುದು. ನನಗೆ ಅದು ಅಷ್ಟೇ ಎನ್ನಿಸುವುದಿಲ್ಲ. ಕ್ರೈಸ್ತ ಪಾದ್ರಿಯೊಬ್ಬರ ಇಂಗ್ಲಿಷ್ ಪ್ರಾರ್ಥನೆ ಕನ್ನಡದ ಎಲ್ಲ ಮನೆಗಳ ಪ್ರಾರ್ಥನೆಯಾದದ್ದರಲ್ಲಿ ಆ 'ಬಾ' ಎಂಬ ಕರೆಯ ಪಾಲು ದೊಡ್ಡದು. ನಮ್ಮ ಮಂಜೇಶ್ವರದ ಗೋವಿಂದ ಪೈಗಳನ್ನೂ ಇಲ್ಲಿ ನೆನೆಯಬೇಕು. ಮನೆಮಾತು ಕೊಂಕಣಿಯಾಗಿದ್ದ ಅವರು ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿ, ಬುದ್ಧನ ಕೊನೆಯ ದಿನವನ್ನು 'ವೈಶಾಖಿ'ಯಲ್ಲಿ ಕನ್ನಡಕ್ಕೆ ತಂದರು. ಗುಡ್ಡೆಯ ತುದಿಯವರೆಗೆ ಒಂದೇ ಸೂಟೆಯಲ್ಲಿ ನಡೆಯುವ ಈ ನಾಡಿಗೆ ಅಂಥ ಕಾವ್ಯಗಳು ಪರಕೀಯವಾಗಲಾರವು.

ಅಪ್ಪನೊಡನೆ ಆ ದಿನದ ಮಾತನ್ನು ನಾನು ಎತ್ತಿದ್ದು ಬಹಳ ವರ್ಷಗಳ ಮೇಲೆ, ಅವರು ಹಾಸಿಗೆ ಹಿಡಿದಿದ್ದಾಗ. ಅದೂ ಒಂದು ಧನುಮಾಸ. ಅವರಿಗೆ ಮರೆತಿರಬಹುದು ಎಂದುಕೊಂಡಿದ್ದೆ, ಮರೆತಿರಲಿಲ್ಲ. ಹೆದರಿ ಓಡಿಬಿಟ್ಟೆ, ತಪ್ಪಾಯಿತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಓಡಿದ್ದು ತಪ್ಪಲ್ಲ. ಓಡಬೇಕೆಂದು ನಾನೇ ಹೇಳಿದ್ದೆನಲ್ಲ. ಕರೆಯದೆ ಓಡಿದೆ, ಅದೊಂದೇ ತಪ್ಪು." ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೇ ಮರುದಿನ ಸೂಟೆ ಕೊಟ್ಟದ್ದು. ಕರೆಯಲು ಕಲಿಯಲಿ ಎಂದು" ಎಂದರು.

ಇಷ್ಟು ವರ್ಷ ನಾನು ಅದನ್ನು ಕ್ಷಮೆಯೆಂದು ಮಾತ್ರ ತಿಳಿದಿದ್ದೆ. ಅದು ಪಾಠವೂ ಆಗಿತ್ತು. ಕ್ಷಮಿಸಿ ಸುಮ್ಮನಾಗುವವರು ಬೆಳಕನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ. ಅಪ್ಪ ಅದನ್ನು ಬಿಟ್ಟು ಓಡಿದ ಕೈಗೇ ಮತ್ತೆ ಕೊಟ್ಟು, ತಾವು ಹಿಂದೆ ನಡೆದರು. ಕತ್ತಲೆಯನ್ನು ಬೆಳಕು ಗೆಲ್ಲುತ್ತದೆ ಎಂಬ ಮಾತಿಗೆ ನಾನು ಕಂಡ ಅರ್ಥ ಇದೊಂದೇ. ಸುರಂಗದ ಒಳಗಿನ ಕತ್ತಲೆ ಎಂದೂ ಸೋತಿಲ್ಲ; ಈಗಲೂ ಅದು ಹಾಗೆಯೇ ಇದೆ, ನೀರೂ ಅಲ್ಲಿಂದಲೇ ಬರುತ್ತಿದೆ. ಸೋಲಬೇಕಾದ ಕತ್ತಲೆ ಬೇರೆ: ಒಳಗಿದ್ದವರನ್ನು ಒಳಗೇ ಬಿಟ್ಟು, ದೀಪದೊಡನೆ ಬಿಸಿಲಿನಲ್ಲಿ ನಿಲ್ಲುವಾಗ ಮನಸ್ಸನ್ನು ಕವಿಯುವಂಥದ್ದು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದನ್ನೇಕೆ ಹೇಳಬೇಕು? 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಕಲಿಯುವುದೆಂದರೆ ಕುಡಿಯನ್ನು ನೋಡುತ್ತ ಕುಳಿತುಕೊಳ್ಳುವ ಕೆಲಸವೂ ಆಗಿದೆ. ನಿಮ್ಮಲ್ಲಿ ಅನೇಕರು ಕೆಲಸಕ್ಕಾಗಿ ಮಂಗಳೂರಿಗೆ, ಬೆಂಗಳೂರಿಗೆ, ಕೊಲ್ಲಿ ನಾಡುಗಳಿಗೆ ಹೋಗುವಿರಿ. ಹೋಗುವುದು ತಪ್ಪಲ್ಲ. ಅಪ್ಪನ ಮಾತಿನಲ್ಲಿಯೇ ಹೇಳುವುದಾದರೆ, ಕರೆಯದೆ ಹೋಗುವುದು ತಪ್ಪು. ನಿಮ್ಮ ಹಿಂದೆ ಒಂದು ಶಾಲೆ, ಒಂದು ಗ್ರಂಥಾಲಯ, ಓದು ಬಾರದ ಒಬ್ಬ ಅಜ್ಜಿ, ಪಾಠ ಕೇಳಲು ಕುಳಿತ ಒಬ್ಬ ಕಿರಿಯ ಇರುತ್ತಾರೆ. ಒಮ್ಮೆ ದನಿ ಕೊಟ್ಟು ಹೋಗಿ.

ಅಪ್ಪ ಈಗಿಲ್ಲ. ಬಾಯಮ್ಮನೂ ಇಲ್ಲ. ಅವರ ಮನೆಯ ನಕ್ಷತ್ರಕ್ಕೆ ಈಗ ವಿದ್ಯುತ್ ದೀಪ, ಮೊಮ್ಮಕ್ಕಳು ಹಾಕುತ್ತಾರೆ. ದೇವಸ್ಥಾನದವರೆಗೆ ಡಾಮರು ರಸ್ತೆಯಾಗಿದೆ, ಹೆಚ್ಚಿನವರು ರಿಕ್ಷಾದಲ್ಲಿ ಬರುತ್ತಾರೆ. ನಾನು ಮಾತ್ರ ಧನುಮಾಸದಲ್ಲಿ ಕೆಲವು ದಿನ ಹಳೆಯ ದಾರಿಯಲ್ಲಿಯೇ ನಡೆಯುತ್ತೇನೆ. ಕಳೆದ ವರ್ಷ ವಿಭಾಗದ ಇಬ್ಬರು ವಿದ್ಯಾರ್ಥಿಗಳು ಜೊತೆಗಿದ್ದರು. ಈ ವರ್ಷವೂ ಬರಬಯಸುವವರು ಮೊದಲೇ ತಿಳಿಸಿ. ನಾಲ್ಕೂವರೆಗೆ ನಮ್ಮ ಅಂಗಳದಿಂದ ಹೊರಡುವುದು. ಸುರಂಗದ ನೀರು ಬೆಚ್ಚಗಿರುತ್ತದೆ, ಮೀಯಲು ಹೆದರಬೇಕಾಗಿಲ್ಲ. ಮೊಬೈಲಿನ ಬೆಳಕು ಬೇಡ. ಸೂಟೆ ನಾನು ಕಟ್ಟಿಡುತ್ತೇನೆ. ಮುಂದೆ ಹಿಡಿಯುವವರು ನಿಮ್ಮಲ್ಲಿ ಒಬ್ಬರಾಗಬೇಕು. ಸಂಕ ಬಂದಾಗ ಕೂಗಲು ಮರೆಯಬಾರದು.